ಹುಬ್ಬಳ್ಳಿಯ ದುಡ್ಡು ಬ್ಯಾಡಗಿಗೆ ಯಾಕೆ ಹೋಗಲಿಲ್ಲ? ಷೇರುಪೇಟೆಯ ನಿಯಂತ್ರಕ ಸೆಬಿಯ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ನಾನು ಹುಬ್ಬಳ್ಳಿಯಲ್ಲಿ ಆಡಿಟರ್. ಕೊಪ್ಪಿಕರ ರಸ್ತೆಯ ಹಳೇ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ನನ್ನ ಆಫೀಸು. ಬರುವವರು ಬಟ್ಟೆ ಅಂಗಡಿಯವರು, ಎಪಿಎಂಸಿ ದಲಾಲರು, ಹಾರ್ಡ್‌ವೇರ್ ವ್ಯಾಪಾರಿಗಳು, ನಾಲ್ಕೈದು ಡಾಕ್ಟರು. ಜಿಎಸ್‌ಟಿ, ರಿಟರ್ನ್ಸು, ಬ್ಯಾಂಕಿಗೆ ಕೊಡುವ ಪ್ರಾಜೆಕ್ಟ್ ರಿಪೋರ್ಟು, ಇಷ್ಟರಲ್ಲೇ ನನ್ನ ದಿನ ಮುಗಿಯುತ್ತದೆ. ಸ್ಟಾರ್ಟಪ್ ಐಪಿಒಗಳಿಗೂ (ಹೊಸ ಕಂಪನಿಗಳು ಮೊದಲ ಸಲ ಜನರಿಗೆ ಷೇರು ಮಾರುವುದಕ್ಕೂ) ನನಗೂ ಸಂಬಂಧವಿಲ್ಲ ಅಂತಲೇ 2021ರವರೆಗೆ ಅಂದುಕೊಂಡಿದ್ದೆ.

ನಮ್ಮೂರಿನವರ ದುಡ್ಡು ನಮ್ಮ ಕಡೆಯ ಹೊಸ ಕಂಪನಿಗೆ ಹೋಗಲು ನಿಮ್ಮ ನಿಯಮ ಹೇಗೆ ಅಡ್ಡ ಬರುತ್ತಿದೆ ಅಂತ ಹೇಳಲು ಈ ಪತ್ರ. ಹೋದ ವರ್ಷ ಒಂದು ಬೆಳಿಗ್ಗೆ ನಡೆದದ್ದನ್ನು ಮೊದಲು ಹೇಳುತ್ತೇನೆ. ಹತ್ತಕ್ಕೆ ಇನ್ನೂ ಐದು ನಿಮಿಷ ಇತ್ತು. ದುರ್ಗದ ಬೈಲಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನನ್ನ ಹಳೇ ಕಕ್ಷಿದಾರರು ಬಂದು ಕೂತರು. ಅಂಗಡಿ ಬಾಗಿಲು ತೆಗೆಯುವ ಹೊತ್ತಿನಲ್ಲಿ ಅವರು ಎಲ್ಲೂ ಹೋಗುವವರಲ್ಲ. ಅವತ್ತು ಒಂದು ದೊಡ್ಡ ಕಂಪನಿಯ ಷೇರು ಮೊದಲ ಸಲ ಮಾರುಕಟ್ಟೆಗೆ ಬರುವುದಿತ್ತು. ಅದರ ಷೇರನ್ನು ಅವರು ವರ್ಷದ ಹಿಂದೆಯೇ 18 ಲಕ್ಷ ಕೊಟ್ಟು ತೆಗೆದುಕೊಂಡಿದ್ದರು. ಲಿಸ್ಟ್ ಆಗುವ, ಅಂದರೆ ಷೇರುಪೇಟೆಗೆ ಬರುವ ಮೊದಲೇ, ಒಬ್ಬ ಮಧ್ಯವರ್ತಿಯಿಂದ, ವಾಟ್ಸಾಪ್‌ನಲ್ಲಿ ಮಾತಾಡಿ. ನನಗೆ ಹೇಳಿರಲಿಲ್ಲ. ಹೇಳಿದರೆ ಬೇಡ ಅಂತೀನಿ ಅಂತ ಗೊತ್ತಿತ್ತು, ಅಲ್ವಾ.

ಹತ್ತು ಗಂಟೆ ಆಯಿತು. ಮೊಬೈಲಿನಲ್ಲಿ ಬೆಲೆ ಬಂತು. ಅವರು ಮಾರುವ ಗುಂಡಿ ಒತ್ತಿದರು. ಆಗಲಿಲ್ಲ. ಇನ್ನೊಮ್ಮೆ ಒತ್ತಿದರು. ಆಮೇಲೆ ಫೋನನ್ನು ನನ್ನ ಕಡೆ ತಿರುಗಿಸಿ ಕೇಳಿದರು: "ಆಡಿಟರ್ರೇ, ಇದ್ಯಾಕ್ರೀ ಮಾರಾಕ ಬರವಲ್ದು?"

ಲಾಕ್-ಇನ್ ಅಂತ ಒಂದಿದೆ ಅನ್ನುವುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಐಪಿಒಗೆ ಮೊದಲು ಷೇರು ತೆಗೆದುಕೊಂಡವರು, ಪ್ರವರ್ತಕರಲ್ಲದಿದ್ದರೂ, ಐಪಿಒದಲ್ಲಿ ಷೇರು ಹಂಚಿಕೆಯಾದ ದಿನದಿಂದ ಆರು ತಿಂಗಳು ಮಾರುವ ಹಾಗಿಲ್ಲ. ಇದು ನಿಮ್ಮದೇ ನಿಯಮ. ಒಳ್ಳೆಯ ನಿಯಮವೇ. ಆದರೆ ಅದರಲ್ಲೇ ಇನ್ನೊಂದು ಸಾಲು ಇದೆ. ಹೊಸ ಕಂಪನಿಗಳಿಗೆ ದುಡ್ಡು ಹಾಕುವ, ನಿಮ್ಮಲ್ಲಿ ನೋಂದಾಯಿಸಿದ ವೆಂಚರ್ ಫಂಡುಗಳಿಗೆ ಆ ಆರು ತಿಂಗಳ ಲೆಕ್ಕ ಷೇರು ಕೊಂಡ ದಿನದಿಂದಲೇ ಶುರುವಾಗುತ್ತದೆ. ಅಂದರೆ ವರ್ಷದ ಹಿಂದೆ ಕೊಂಡ ಫಂಡು ಮೊದಲ ದಿನವೇ ಮಾರಬಹುದು. ಅದೇ ದಿನ ಅದೇ ಷೇರು ಕೊಂಡ ದುರ್ಗದ ಬೈಲಿನ ಅಂಗಡಿಯವರು ಬೀಗ ನೋಡುತ್ತಾ ಕೂತಿರಬೇಕು.

ಬೀಗದ ಮಾತು ಹಾಗಿರಲಿ. ಅವರು ಕೊಟ್ಟಿದ್ದ ಬೆಲೆಗಿಂತ ಐಪಿಒ ಬೆಲೆಯೇ ಮೂರನೇ ಒಂದರಷ್ಟು ಕಡಿಮೆ ಇತ್ತು. ಕಾದು ಅರ್ಜಿ ಹಾಕಿದ್ದರೆ ಅಗ್ಗಕ್ಕೆ ಸಿಗುತ್ತಿತ್ತು. ಹಿಂದಿನ ಬಾಗಿಲಿನಿಂದ ಹೋಗಿ ಜಾಸ್ತಿ ಕೊಟ್ಟರು.

ಇದು ಒಬ್ಬರ ಕತೆಯಲ್ಲ ಅಂತ ನಿಮಗೂ ಗೊತ್ತು. 2025ರ ಜೂನ್‌ನಲ್ಲಿ ಸಾಲ ಕೊಡುವ ಕಂಪನಿ ಎಚ್‌ಡಿಬಿ ಫೈನಾನ್ಶಿಯಲ್‌ನ ಐಪಿಒ ಬೆಲೆ 740 ರೂಪಾಯಿ ಅಂತ ನಿಗದಿಯಾಯಿತು. ಅದಕ್ಕೆ ಮೊದಲು ಲಿಸ್ಟ್ ಆಗದ ಷೇರುಗಳನ್ನು ಮಾರುವ ಅನ್‌ಲಿಸ್ಟೆಡ್ ಪೇಟೆಯಲ್ಲಿ ಅದೇ ಷೇರು 1,200 ರೂಪಾಯಿಗೂ ಮೇಲೆ ಕೈ ಬದಲಾಗುತ್ತಿತ್ತು. ಒಂದು ತಿಂಗಳ ನಂತರ ಡಿಮ್ಯಾಟ್ ಷೇರುಗಳ ಲೆಕ್ಕ ಇಡುವ ಎನ್‌ಎಸ್‌ಡಿಎಲ್ 800 ರೂಪಾಯಿಗೆ ಬಂತು. ಹೊರಗೆ ಸಾವಿರಕ್ಕೂ ಹೆಚ್ಚು ಕೊಟ್ಟವರಿದ್ದರು. ಇವು ಸ್ಟಾರ್ಟಪ್‌ಗಳಲ್ಲ, ನಿಜ. ಆದರೆ ಈ ಹಿಂಬಾಗಿಲಿಗೆ ಜನ ಮುಗಿಬೀಳುವ ಹಾಗೆ ಮಾಡಿದ್ದು ಸ್ಟಾರ್ಟಪ್ ಐಪಿಒಗಳೇ.

ನನ್ನ ಕಕ್ಷಿದಾರರನ್ನು ದಡ್ಡರು ಅನ್ನಲು ನನಗೆ ಮನಸ್ಸಿಲ್ಲ. ಅವರ ಲೆಕ್ಕ ಕೇಳಿ. 1993ರಲ್ಲಿ ಇನ್ಫೋಸಿಸ್ ಐಪಿಒ ಬಂದಾಗ ಷೇರಿಗೆ 95 ರೂಪಾಯಿ. ಅವತ್ತು ಅದನ್ನು ಕೇಳುವವರೂ ಕಡಿಮೆ, ಅರ್ಜಿಗಳೇ ಪೂರ್ತಿ ಬರಲಿಲ್ಲ. ಕಂಪನಿ ಸಣ್ಣದಿತ್ತು, ಬೆಳೆದದ್ದೆಲ್ಲ ಆಮೇಲೆ. ಬೆಳೆಯುವಾಗ ಜತೆಗಿದ್ದವರಿಗೆ ಸಿಕ್ಕಿತು. ಈಗಿನ ಕಂಪನಿಗಳು ಹಾಗಲ್ಲ. 2021ರ ಜುಲೈನಲ್ಲಿ ಜೊಮ್ಯಾಟೊ 76 ರೂಪಾಯಿಗೆ ಷೇರು ಕೊಟ್ಟಾಗ ಆ ಬೆಲೆಯಲ್ಲಿ ಇಡೀ ಕಂಪನಿಯ ಮೌಲ್ಯ ಸುಮಾರು 60,000 ಕೋಟಿ. ಮೊದಲ ಹತ್ತು ವರ್ಷದ ಬೆಳೆ ಆಗಲೇ ಕೊಯ್ಲಾಗಿ ಹೋಗಿತ್ತು. ಕೊಯ್ದವರು ಖಾಸಗಿ ಫಂಡುಗಳು. "ಲಿಸ್ಟ್ ಆದ ಮೇಲೆ ನಮಗ ಉಳಿಯೂದು ಕೂಳೆ ಅಷ್ಟ" ಅಂತ ನನ್ನ ಕಕ್ಷಿದಾರರು ಅಂದರೆ ನಾನೇನು ಉತ್ತರ ಕೊಡಲಿ?

ಜೊಮ್ಯಾಟೊ ಮೊದಲ ದಿನ 115ರ ಆಸುಪಾಸಿನಲ್ಲಿ ತೆರೆದುಕೊಂಡಿತು. ಅವತ್ತಿನಿಂದ ನಮ್ಮೂರಲ್ಲಿ ಮಾತೇ ಬದಲಾಯಿತು. ಚಹಾ ಕುಡಿಯುವಾಗ ಮೊದಲು ಸೈಟಿನ ರೇಟು ಕೇಳುತ್ತಿದ್ದರು, ಈಗ ವ್ಯಾಲ್ಯುಯೇಶನ್, ಅಂದರೆ ಇಡೀ ಕಂಪನಿಯ ಬೆಲೆ ಕೇಳತೊಡಗಿದರು. ಇಬ್ಬರು ಡಾಕ್ಟರು, ಒಬ್ಬ ಟೈಲ್ಸ್ ವ್ಯಾಪಾರಿ ಸೇರಿ ಬೆಂಗಳೂರಿನ ಯಾವುದೋ ಡೆಲಿವರಿ ಆ್ಯಪಿಗೆ ದುಡ್ಡು ಹಾಕಿದರು. ಆ ಆ್ಯಪು ಹುಬ್ಬಳ್ಳಿಗೆ ಇನ್ನೂ ಬಂದೇ ಇರಲಿಲ್ಲ!

ನಾಲ್ಕು ತಿಂಗಳಿಗೆ ಪೇಟಿಎಂ ಬಂತು. 18,300 ಕೋಟಿಯ ಐಪಿಒ, ಷೇರಿಗೆ 2,150. ಮೊದಲ ದಿನವೇ ನೂರಕ್ಕೆ ಇಪ್ಪತ್ತೇಳರಷ್ಟು ಬಿತ್ತು. ಮುಂದಿನ ಜುಲೈಗೆ ಜೊಮ್ಯಾಟೊದ ಲಾಕ್-ಇನ್ (ಅದಕ್ಕೆ ಹಳೇ ನಿಯಮದಂತೆ ಒಂದು ವರ್ಷ ಇತ್ತು) ಮುಗಿಯಿತು, ಹಳೇ ಹೂಡಿಕೆದಾರರು ಬಾಗಿಲಿಗೆ ಬಂದರು, ಷೇರು ಐವತ್ತರ ಕೆಳಗೆ ಇಳಿಯಿತು. ಖಾಸಗಿ ಹೂಡಿಕೆಗೆ ಬರಗಾಲ ಬಂತು. ಅಮೆರಿಕದಲ್ಲಿ ಬಡ್ಡಿ ಏರಿದ್ದೂ ಕಾರಣ. ದೇಶದ ಸ್ಟಾರ್ಟಪ್‌ಗಳಿಗೆ 2021ರಲ್ಲಿ ಬಂದ ದುಡ್ಡಿನ ಮೂರನೇ ಒಂದು ಭಾಗವೂ 2023ರಲ್ಲಿ ಬರಲಿಲ್ಲ. ಬೆಂಗಳೂರಿಗೆ ಅದು ಒಂದು ಕೆಟ್ಟ ವರ್ಷ. ನಮ್ಮ ಕಡೆಯವರಿಗೆ ಕೊಟ್ಟ ಮಾತೇ ರದ್ದಾದ ವರ್ಷ. ಬರ ಬಂದಾಗ ಕಾಲುವೆಯ ಕೊನೆಯ ಹೊಲಕ್ಕೇ ಮೊದಲು ನೀರು ನಿಲ್ಲುವುದು. ಮಲಪ್ರಭಾ ಕಾಲುವೆಯ ಕೊನೆಯಲ್ಲಿ ಹೊಲ ಇರುವ ಯಾರನ್ನಾದರೂ ಕೇಳಿ.

ಆಮೇಲೆ ಮತ್ತೆ ಮಳೆ. 2024ರಲ್ಲಿ ಓಲಾ ಎಲೆಕ್ಟ್ರಿಕ್, ಸ್ವಿಗ್ಗಿ. 2025ರಲ್ಲಿ ಏಥರ್, ಅರ್ಬನ್ ಕಂಪನಿ, ಲೆನ್ಸ್‌ಕಾರ್ಟ್, ಗ್ರೋ, ಮೀಶೋ. ಇವುಗಳಲ್ಲಿ ಐದು ನಮ್ಮ ಬೆಂಗಳೂರಿನವೇ. ಈ ಐಪಿಒಗಳಲ್ಲಿ ಬಂದ ದುಡ್ಡೆಲ್ಲ ಕಂಪನಿಗೆ ಹೋಗುವುದಿಲ್ಲ. ಒಂದು ಪಾಲು ಆಫರ್ ಫಾರ್ ಸೇಲ್, ಅಂದರೆ ಹಳೇ ಹೂಡಿಕೆದಾರರು ತಮ್ಮ ಷೇರು ಮಾರಿ ಹೊರಡುವುದು. ಪೇಟಿಎಂನಲ್ಲಿ 10,000 ಕೋಟಿ ಹೀಗೆ ಹೋಯಿತು. ಗ್ರೋ ಐಪಿಒದ ಸುಮಾರು 6,600 ಕೋಟಿಯಲ್ಲಿ ಕಂಪನಿಗೆ ಬಂದದ್ದು 1,060 ಕೋಟಿ. ಇದರಲ್ಲಿ ತಪ್ಪೇನೂ ಇಲ್ಲ. ಹಾಕಿದವರು ತೆಗೆಯಲೇಬೇಕು. ತೆಗೆಯುವ ದಾರಿ ಇದ್ದರೆ ತಾನೇ ಇನ್ನೊಮ್ಮೆ ಹಾಕುವುದು.

ನನ್ನ ತಕರಾರು ಆ ಇನ್ನೊಮ್ಮೆಯ ಬಗ್ಗೆ. ಫ್ಲಿಪ್‌ಕಾರ್ಟನ್ನು 2018ರಲ್ಲಿ ವಾಲ್‌ಮಾರ್ಟ್ ಕೊಂಡಾಗ ನೂರಾರು ನೌಕರರ ಕೈಗೆ ದುಡ್ಡು ಬಂತು, ಅವರಲ್ಲಿ ಹಲವರು ಹೊಸ ಕಂಪನಿಗಳಿಗೆ ಹಾಕಿದರು. ಬೆಂಗಳೂರಿನ ಕೋರಮಂಗಲದಿಂದ ಹೊರಟ ದುಡ್ಡು ಪಕ್ಕದ ಎಚ್‌ಎಸ್‌ಆರ್ ಲೇಔಟ್ ತಲುಪಿತು. ತಪ್ಪಲ್ಲ, ಜನ ತಮಗೆ ಗೊತ್ತಿರುವವರಿಗೇ ಕೊಡುತ್ತಾರೆ. ಹಾಗಾದರೆ ಬ್ಯಾಡಗಿ ಗೊತ್ತಿರುವವರು ಯಾರು? ದುರ್ಗದ ಬೈಲಿನ ಆ ಅಂಗಡಿಯವರು.

ಈಗ ಎರಡನೇ ಕತೆ. ಅವರು 18 ಲಕ್ಷ ಆ ಷೇರಿಗೆ ಹಾಕಿದ ವರ್ಷವೇ ಇಬ್ಬರು ಹುಡುಗರು ನನ್ನ ಹತ್ತಿರ ಬಂದಿದ್ದರು. ಇಲ್ಲೇ ಎಂಜಿನಿಯರಿಂಗ್ ಓದಿದವರು. ಕೋಲ್ಡ್ ಸ್ಟೋರೇಜ್‌ನಲ್ಲಿ ಮೆಣಸಿನಕಾಯಿ ಚೀಲಗಳ ನಡುವೆ ಇಡುವ ಒಂದು ಡಬ್ಬಿ ಮಾಡಿದ್ದರು. ಊಟದ ಡಬ್ಬಿಯಷ್ಟು ದೊಡ್ಡದು. ಒಳಗಿನ ತೇವ ಎಷ್ಟು, ಬಿಸಿ ಎಷ್ಟು ಅಂತ ಫೋನಿಗೆ ಕಳಿಸುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. ತೇವ ಹೆಚ್ಚಾದರೆ ಬೂಷ್ಟು, ಬಣ್ಣ ಹೋದರೆ ರೇಟು ಹೋಯಿತು. ರೈತ, ದಲಾಲ, ಸ್ಟೋರೇಜ್ ಮಾಲೀಕ, ಮೂವರಿಗೂ ಬೇಕಾದ ಸಾಮಾನು. ಅವರಿಗೆ ಬೇಕಿದ್ದದ್ದು 40 ಲಕ್ಷ.

ಬೆಂಗಳೂರಿನ ಒಂದು ಫಂಡಿನವರು ವಿಡಿಯೊ ಕಾಲ್‌ನಲ್ಲಿ ಕೇಳಿದ ಮೊದಲ ಪ್ರಶ್ನೆ ನನಗೆ ನೆನಪಿದೆ. ನಾನೂ ಪಕ್ಕದಲ್ಲೇ ಕೂತಿದ್ದೆ. "ನಿಮ್ಮ ಥರದ ಲಿಸ್ಟೆಡ್ ಕಂಪನಿ ಯಾವುದು?" ಅಂದರು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಇರಲಿಲ್ಲ. ಇದು ಕೊಬ್ಬಿನ ಪ್ರಶ್ನೆಯಲ್ಲ, ಆ ಫಂಡಿನವರ ಕೆಲಸವೇ ಹಾಗೆ. ಊಟ ತಲುಪಿಸುವ ಕಂಪನಿಗೆ ಬೆಲೆ ಕಟ್ಟಲು ಜೊಮ್ಯಾಟೊ ಇದೆ, ಎಲೆಕ್ಟ್ರಿಕ್ ಸ್ಕೂಟರಿಗೆ ಏಥರ್ ಇದೆ. ಷೇರುಪೇಟೆಯಲ್ಲಿ ಜೋಡಿ ಸಿಕ್ಕರೆ ಖಾಸಗಿ ಕಂಪನಿಗೆ ಬೆಲೆ ಸಿಗುತ್ತದೆ, ಏಳೆಂಟು ವರ್ಷಕ್ಕೆ ಹೊರಬರುವ ದಾರಿಯೂ ಕಾಣುತ್ತದೆ. ಜೋಡಿ ಇಲ್ಲದ ಮೆಣಸಿನಕಾಯಿ ಡಬ್ಬಿಗೆ ಬೆಲೆಯೂ ಇಲ್ಲ, ದಾರಿಯೂ ಇಲ್ಲ. ಐಪಿಒಗಳು ಖಾಸಗಿ ಹೂಡಿಕೆಯ ಮೇಲೆ ಏನು ಪರಿಣಾಮ ಬೀರುತ್ತವೆ ಅಂತ ನಿಮ್ಮ ಸಂಶೋಧನಾ ವಿಭಾಗದವರು ಬರೆಯುವಾಗ ಈ ಮಾತೂ ಸೇರಲಿ. ಲಿಸ್ಟ್ ಆದವರ ಹೋಲಿಕೆ ಇರುವವರಿಗೆ ದುಡ್ಡು. ನಮ್ಮ ಕಡೆಯ ಕೆಲಸಗಳಿಗೆ ಹೋಲಿಕೆಯೇ ಇರುವುದಿಲ್ಲ.

ನಾನು ಆ ಹುಡುಗರನ್ನು ಅಂಗಡಿಯವರ ಹತ್ತಿರ ಕರೆದುಕೊಂಡು ಹೋದೆ. ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ ಅವರಿಗೆ ಪಾಲಿದೆ. ಡಬ್ಬಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಹತ್ತು ನಿಮಿಷದಲ್ಲಿ ಅವರು ಕೇಳಿದ ಪ್ರಶ್ನೆಗಳನ್ನು ಯಾವ ಫಂಡಿನವರೂ ಕೇಳಿರಲಿಲ್ಲ. ಕರೆಂಟು ಹೋದರೆ? ಹಮಾಲರು ಚೀಲ ಎಸೆಯುವಾಗ ಒಡೆದರೆ? ಮೇಲಿನ ಸಾಲಿಗೆ ಒಂದು, ಕೆಳಗಿನ ಸಾಲಿಗೆ ಒಂದು ಬೇಕಲ್ಲ, ಅಲ್ಲಿ ತಂಪು ಬೇರೆ ಬೇರೆ ಇರುತ್ತದಲ್ಲ? ಕೊನೆಗೆ, ಹತ್ತು ಲಕ್ಷ ಹಾಕುತ್ತೇನೆ, ಇನ್ನೂ ಮೂರು ಜನರನ್ನು ಸೇರಿಸುತ್ತೇನೆ, ಆದರೆ ಸರಿಯಾದ ದಾರಿಯಲ್ಲಿ ಆಗಬೇಕು ಅಂದರು.

ಸರಿಯಾದ ದಾರಿ ಅಂದರೆ ನಿಮ್ಮಲ್ಲಿ ನೋಂದಾಯಿಸಿದ ಏಂಜೆಲ್ ಫಂಡು. ಎಲ್ಲರ ದುಡ್ಡು ಒಂದು ಕಡೆ ಸೇರಿ, ಕಂಪನಿಯ ಪುಸ್ತಕದಲ್ಲಿ ಒಂದೇ ಹೆಸರಾಗಿ ಹೋಗುತ್ತದೆ. ಕರಾರು ಪತ್ರ, ಹಕ್ಕು, ಲೆಕ್ಕ ಎಲ್ಲ ಶಿಸ್ತಾಗಿ. ನೇರವಾಗಿ ಷೇರು ಕೊಳ್ಳಬಹುದಲ್ಲ ಅಂತ ನಿಮ್ಮವರು ಕೇಳಬಹುದು. ಕೊಳ್ಳಬಹುದು, ಕಂಪನಿ ಕಾಯ್ದೆ ಅದಕ್ಕೆ ಅಡ್ಡಿ ಮಾಡುವುದಿಲ್ಲ. ಇಂಥ ಹೂಡಿಕೆಯ ಮೇಲೆ ಬೀಳುತ್ತಿದ್ದ ಏಂಜೆಲ್ ಟ್ಯಾಕ್ಸ್ ಕೂಡ 2024ರ ಬಜೆಟ್‌ನಲ್ಲಿ ಹೋಯಿತು, ಅದಕ್ಕೆ ಸರ್ಕಾರಕ್ಕೆ ದೊಡ್ಡ ನಮಸ್ಕಾರ. ಆದರೆ ಹದಿನೈದು ಜನ ಸಣ್ಣ ಷೇರುದಾರರಿರುವ ಕಂಪನಿಯನ್ನು ನೋಡಿದರೆ ಮುಂದೆ ಬರುವ ದೊಡ್ಡ ಫಂಡು ಮೂಗು ಮುರಿಯುತ್ತದೆ. ಪ್ರತಿ ಸಹಿಗೂ ಹದಿನೈದು ಮನೆಗೆ ಓಡಾಡಬೇಕು. ನಾನೇ ಓಡಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಮೊದಲು ನಿಮ್ಮ ನಿಯಮದಲ್ಲಿ ಏಂಜೆಲ್ ಹೂಡಿಕೆದಾರ ಅನ್ನಿಸಿಕೊಳ್ಳಲು, ವಾಸದ ಮನೆ ಬಿಟ್ಟು, ಎರಡು ಕೋಟಿಯ ಆಸ್ತಿ ಮತ್ತು ಒಂದಿಷ್ಟು ಅನುಭವ ಇದ್ದರೆ ಸಾಕಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ಬದಲಾಯಿಸಿದಿರಿ. ಒಂದು ಕಂಪನಿಗೆ ಹಾಕಬೇಕಾದ ಕನಿಷ್ಠ ಮೊತ್ತವನ್ನು 25 ಲಕ್ಷದಿಂದ 10 ಲಕ್ಷಕ್ಕೆ ಇಳಿಸಿದಿರಿ. ಬಹಳ ಒಳ್ಳೆಯದಾಯಿತು. ಅದೇ ಕೈಯಲ್ಲಿ, ಇನ್ನು ಮುಂದೆ ಅರಿವುಳ್ಳವರು ಅಂತ ಮಾನ್ಯತೆ ಪಡೆದ ಅಕ್ರೆಡಿಟೆಡ್ ಇನ್ವೆಸ್ಟರ್‌ಗಳು ಮಾತ್ರ ಬರಬಹುದು ಅಂದಿರಿ. ಅಂದರೆ ವರ್ಷಕ್ಕೆ ಎರಡು ಕೋಟಿ ಆದಾಯ ಇರಬೇಕು. ಇಲ್ಲದಿದ್ದರೆ ಏಳೂವರೆ ಕೋಟಿಯ ಆಸ್ತಿ ಇರಬೇಕು, ಅದರಲ್ಲಿ ಮೂರೂಮುಕ್ಕಾಲು ಕೋಟಿ ಹಣಕಾಸು ಆಸ್ತಿಯಾಗಿರಬೇಕು. ಷೇರು, ಫಂಡು, ಠೇವಣಿ ಇಂಥವು. ಎರಡನ್ನೂ ಸ್ವಲ್ಪ ಸ್ವಲ್ಪ ಬೆರೆಸಿದ ಮೂರನೇ ಅಳತೆಯೂ ಇದೆ. ಅದರಲ್ಲೂ ಅರ್ಧ ಹಣಕಾಸು ಆಸ್ತಿಯೇ ಬೇಕು.

ಅಧ್ಯಕ್ಷರೇ, ಹುಬ್ಬಳ್ಳಿಯ ಶ್ರೀಮಂತರ ದುಡ್ಡು ಎಲ್ಲಿರುತ್ತದೆ ಅಂತ ನನಗೆ ಗೊತ್ತು, ಅವರ ಬ್ಯಾಲೆನ್ಸ್ ಶೀಟು ಬರೆಯುವವನು ನಾನೇ. ಅಂಗಡಿ ಕಟ್ಟಡ. ಎರಡು ಮನೆ. ಕುಂದಗೋಳದ ಹತ್ತಿರ ಹನ್ನೆರಡು ಎಕರೆ ಎರೆ ಹೊಲ. ಕೋಲ್ಡ್ ಸ್ಟೋರೇಜ್‌ನಲ್ಲಿ ಪಾಲು. ಮನೆಯವರ ಬಂಗಾರ. ಗೋದಾಮಿನಲ್ಲಿ ಮಾಲು. ನನ್ನ ಕಕ್ಷಿದಾರರದ್ದು ಎಲ್ಲ ಸೇರಿ ಒಂಬತ್ತು ಕೋಟಿ ದಾಟುತ್ತದೆ. ಷೇರು, ಫಂಡು, ಎಫ್‌ಡಿ ಅಂತ ಹುಡುಕಿದರೆ ಅರವತ್ತು ಲಕ್ಷವೂ ಆಗಲ್ಲ. ಶಿರಸಿಯ ಅಡಿಕೆ ತೋಟದವರು, ಚಿಕ್ಕಮಗಳೂರಿನ ಕಾಫಿಯವರು, ರಾಯಚೂರಿನ ರೈಸ್ ಮಿಲ್ಲಿನವರು, ಎಲ್ಲರ ಲೆಕ್ಕವೂ ಹೀಗೇ. ನಿಮ್ಮ ಅಳತೆಗೋಲಿನಲ್ಲಿ ಇವರೆಲ್ಲ ಅರಿವಿಲ್ಲದವರು. ಬೆಂಗಳೂರಿನಲ್ಲಿ ಕಂಪನಿ ಷೇರು ಸಿಕ್ಕಿ ಮೂವತ್ನಾಲ್ಕನೇ ವಯಸ್ಸಿಗೆ ನಾಲ್ಕು ಕೋಟಿ ಡಿಮ್ಯಾಟ್‌ನಲ್ಲಿ ಬಂದವರು ಅರಿವುಳ್ಳವರು. ಅವರಿಗೆ ಮೆಣಸಿನಕಾಯಿ ಚೀಲದ ತೂಕ ಎಷ್ಟು ಅಂತ ಗೊತ್ತಿರಬೇಕಾಗಿಲ್ಲ.

ನನಗೆ ಸಿಟ್ಟು ಬರುವುದು ಇಲ್ಲೇ. ಅದೇ ವ್ಯಕ್ತಿ ವಾಟ್ಸಾಪ್‌ನಲ್ಲಿ 18 ಲಕ್ಷದ ಅನ್‌ಲಿಸ್ಟೆಡ್ ಷೇರು ಕೊಂಡಾಗ ಅವರ ಅರಿವನ್ನು ಯಾರೂ ಅಳೆಯಲಿಲ್ಲ. ಷೇರು ಬೆಲೆಯ ಏರಿಳಿತದ ಮೇಲೆ ಪಣ ಕಟ್ಟುವ ಆಪ್ಷನ್ಸ್ ಆಡಿ ವಾರಕ್ಕೊಂದು ಲಕ್ಷ ಕಳೆದರೂ ಯಾರೂ ತಡೆಯುವುದಿಲ್ಲ. ತನಗೆ ಚೆನ್ನಾಗಿ ಗೊತ್ತಿರುವ ವ್ಯಾಪಾರಕ್ಕೆ, ನಿಮ್ಮದೇ ನೋಂದಣಿ ಇರುವ ಫಂಡಿನ ಮೂಲಕ ಹತ್ತು ಲಕ್ಷ ಹಾಕಲು ಹೋದರೆ ಮಾತ್ರ ಬಾಗಿಲು ಮುಚ್ಚಿದೆ. ಸ್ಟಾರ್ಟಪ್‌ಗಳಲ್ಲಿ ಬಹಳಷ್ಟು ಮುಳುಗುತ್ತವೆ, ಅದಕ್ಕೇ ಈ ಎಚ್ಚರ ಅನ್ನುತ್ತೀರಿ. ಒಪ್ಪುತ್ತೇನೆ. ಆ ಡಬ್ಬಿಯೂ ಮುಳುಗಬಹುದು. ಮುಳುಗಿದರೆ ಹತ್ತು ಲಕ್ಷ ಹೋಯಿತು ಅಂತ ಅವರಿಗೆ ಗೊತ್ತಿತ್ತು. ಸಾಲ ಕೊಟ್ಟು ಕಳೆದುಕೊಂಡು ಅಭ್ಯಾಸವಿರುವ ಜನ ಇವರು.

ಬೆಲೆ ಬಾಳುವ ಕಂಪನಿಯಲ್ಲಿ ಊರಿನವರೇ ಪಾಲುದಾರರಾಗುವುದು ಹೊಸದೇನಲ್ಲ. ಇವತ್ತು ಬೆಂಗಳೂರಿನಲ್ಲಿರುವ ವಿಪ್ರೊ ಶುರುವಾದದ್ದು ಮಹಾರಾಷ್ಟ್ರದ ಅಮಳನೇರ ಎಂಬ ಸಣ್ಣ ಊರಿನಲ್ಲಿ, ವನಸ್ಪತಿ ತಯಾರಿಸುವ ಕಾರ್ಖಾನೆಯಾಗಿ. 1946ರಲ್ಲೇ ಅದರ ಷೇರು ಸಾರ್ವಜನಿಕರಿಗೆ ಬಂತು. ಕಾರ್ಖಾನೆಗೆ ಶೇಂಗಾ ಮಾರುತ್ತಿದ್ದ ಊರು ಅದರ ಷೇರನ್ನೂ ಕೊಂಡಿತು. ಇಟ್ಟುಕೊಂಡವರ ಮನೆಗಳು ಕೋಟಿ ಕಂಡವು. ಇನ್ನು ನಮ್ಮ ಕರಾವಳಿ ಕಡೆ 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಶುರು ಮಾಡಿದರು. ದಿನಕ್ಕೆ ಎರಡಾಣೆ, ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುವುದು. ಮೀನು ಮಾರುವವರು, ನೇಕಾರರು ಕೊಟ್ಟ ಆ ಎರಡಾಣೆಯಿಂದ ಒಂದು ದೊಡ್ಡ ಬ್ಯಾಂಕು ನಿಂತಿತು. ಸಣ್ಣ ಊರಿನ ದುಡ್ಡು ಸಣ್ಣ ಊರಿನ ಕೆಲಸಕ್ಕೆ ಸೇರುವುದನ್ನು ನಾವು ಯಾರಿಂದಲೂ ಕಲಿಯಬೇಕಾಗಿಲ್ಲ.

ಇನ್ನೊಂದು ದಾರಿಯೂ ಇದೆ, ಹೆಚ್ಚು ಜನ ಗಮನಿಸದ್ದು. ಇನ್ಫೋ ಎಡ್ಜ್ 2006ರಲ್ಲಿ ಲಿಸ್ಟ್ ಆದ ಕಂಪನಿ. ಅದು 2010ರಲ್ಲಿ ಜೊಮ್ಯಾಟೊಗೆ 4.7 ಕೋಟಿ ಹಾಕಿತು. ಅಂದರೆ ಇನ್ಫೋ ಎಡ್ಜ್‌ನ ಹತ್ತು ಷೇರು ಇಟ್ಟುಕೊಂಡಿದ್ದ ಮಾಮೂಲಿ ಮನುಷ್ಯನಿಗೂ ಜೊಮ್ಯಾಟೊದ ಮೊದಲ ದಿನಗಳಲ್ಲೇ ಒಂದು ಎಳೆ ಪಾಲು ಇತ್ತು. ಅವನು ಯಾವ ಅಕ್ರೆಡಿಟೇಶನ್ನೂ ತೋರಿಸಬೇಕಾಗಿರಲಿಲ್ಲ. ಒಳಗಿನ ಲೆಕ್ಕ ಪ್ರತಿ ಮೂರು ತಿಂಗಳಿಗೆ ಹೊರಬರುತ್ತಿತ್ತು. ಬೇಡ ಅನ್ನಿಸಿದ ದಿನ ಮಾರಿ ಹೋಗಬಹುದಿತ್ತು. ಒಂದು ಪ್ರದೇಶದ ಹತ್ತಿಪ್ಪತ್ತು ಸಣ್ಣ ಕಂಪನಿಗಳಲ್ಲಿ ಪಾಲು ಇಟ್ಟುಕೊಂಡು, ತಾನು ಮಾತ್ರ ಲಿಸ್ಟ್ ಆಗಿರುವ ಒಂದು ಪುಟ್ಟ ಕಂಪನಿಗೆ ನಿಯಮ ಮಾಡಲು ಸಾಧ್ಯವೇ? ರಿಸರ್ವ್ ಬ್ಯಾಂಕಿನವರ ಜತೆ ಕೂತು ಮಾತಾಡಬೇಕಾಗುತ್ತದೆ ಅಂತ ನನಗೂ ಗೊತ್ತು.

ಅಷ್ಟು ದೊಡ್ಡ ಕೆಲಸಕ್ಕೆ ಮೊದಲು, ಆಗಲೇಬೇಕಾದದ್ದು ಕೇಳುತ್ತೇನೆ. ಅಕ್ರೆಡಿಟೆಡ್ ಅಳತೆಯ ಹಣಕಾಸು ಆಸ್ತಿಯ ಪಾಲಿನಲ್ಲಿ ಹೊಲ, ಕಟ್ಟಡ, ಸ್ವಂತ ವ್ಯಾಪಾರದ ಬಂಡವಾಳವನ್ನೂ ಸೇರಿಸಿ. ಬೆಲೆ ಕಟ್ಟುವುದು ಕಷ್ಟ ಅಂದರೆ ಸಬ್ ರಿಜಿಸ್ಟ್ರಾರ್ ಆಫೀಸಿನ ಮಾರ್ಗಸೂಚಿ ದರ ಹಿಡಿಯಿರಿ, ಅದು ಹೇಗೂ ಕಡಿಮೆಯೇ ಇರುತ್ತದೆ. ಅದೂ ಬೇಡವಾದರೆ, ಮೂರು ವರ್ಷದ ರಿಟರ್ನ್ಸ್‌ನಲ್ಲಿ ತೋರಿಸಿದ ಆದಾಯದ ಹತ್ತನೇ ಒಂದು ಭಾಗದವರೆಗೆ ಯಾರು ಬೇಕಾದರೂ ಏಂಜೆಲ್ ಫಂಡಿಗೆ ಹಾಕಬಹುದು ಅಂತ ಮಾಡಿ. ಮುಳುಗಿದರೂ ಮನೆ ಮುಳುಗುವುದಿಲ್ಲ. ನಿಜವಾಗಿ ತೆರಿಗೆ ಕಟ್ಟಿದವರಿಗೆ ಒಂದು ಲಾಭವೂ ಆಯಿತು!

ಅನ್‌ಲಿಸ್ಟೆಡ್ ಷೇರಿನ ಪೇಟೆಯ ಬಗ್ಗೆ 2024ರ ಡಿಸೆಂಬರ್‌ನಲ್ಲಿ ನೀವು ಎಚ್ಚರಿಕೆ ಕೊಟ್ಟಿರಿ. ಇಂಥ ಷೇರು ಮಾರುವ ಅನಧಿಕೃತ ವೇದಿಕೆಗಳಿಂದ ದೂರ ಇರಿ ಅಂತ. ಅದು ನನ್ನ ಕಕ್ಷಿದಾರರನ್ನು ತಲುಪಲಿಲ್ಲ. ಅವರನ್ನು ತಲುಪಿದ್ದು "ಐಪಿಒಗೆ ಮೊದಲು ಕೊನೆಯ ಅವಕಾಶ, ಎರಡು ದಿನ ಮಾತ್ರ" ಅನ್ನುವ ಶುದ್ಧ ಕನ್ನಡದ ಸಂದೇಶ. ಈ ವ್ಯಾಪಾರವನ್ನು ಮುಚ್ಚಲು ಆಗಲ್ಲ ಅಂದರೆ ಬೆಳಕಿಗಾದರೂ ತನ್ನಿ. ಷೇರು ಮಾರುವ ಮುಂಚೆ ಮಧ್ಯವರ್ತಿ ಕನ್ನಡದಲ್ಲಿ ಒಂದು ಹಾಳೆ ಕೊಡಲಿ. ಹಿಂದಿನ ವ್ಯವಹಾರ ಯಾವ ಬೆಲೆಗೆ ಆಯಿತು, ತನ್ನ ಕಮಿಷನ್ ಎಷ್ಟು, ಲಿಸ್ಟ್ ಆದ ಮೇಲೆ ಎಷ್ಟು ತಿಂಗಳು ಮಾರುವ ಹಾಗಿಲ್ಲ. ಮೂರು ಸಾಲು ಸಾಕು.

ಕನ್ನಡದ ಮಾತು ಬಂತು, ಅದಕ್ಕೇ ಇದೊಂದು. ಬೆಂಗಳೂರಿನಲ್ಲಿ ನೋಂದಾಯಿತ ಕಚೇರಿ ಇರುವ ಕಂಪನಿ ಐಪಿಒ ಮಾಡಿದರೆ ಕನ್ನಡ ಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು ಅಂತ ನಿಮ್ಮ ನಿಯಮವೇ ಹೇಳುತ್ತದೆ. ಕೊಡುತ್ತಾರೆ. ಇರುವೆ ಸಾಲಿನಂಥ ಅಕ್ಷರ. ಓದಲು ನಾನು ಭೂತಗನ್ನಡಿ ಹಿಡಿದು ಕೂತಿದ್ದೇನೆ, ತಮಾಷೆಯಲ್ಲ. ಭಾಷೆಯಂತೂ ಕನ್ನಡ ಅಕ್ಷರದಲ್ಲಿ ಬರೆದ ಇಂಗ್ಲಿಷು. ಹಳೇ ಹೂಡಿಕೆದಾರರು ಒಂದು ಷೇರಿಗೆ ಸರಾಸರಿ ಎಷ್ಟು ಕೊಟ್ಟಿದ್ದರು ಅನ್ನುವ ಅಂಕಿ ಅದರಲ್ಲೇ ಎಲ್ಲೋ ಇರುತ್ತದೆ. ಅದೊಂದನ್ನು ದಪ್ಪ ಅಕ್ಷರದಲ್ಲಿ ಮೇಲೆ ಹಾಕಿಸಿ. ಹನ್ನೆರಡು ರೂಪಾಯಿಗೆ ಕೊಂಡವರು ನಾಲ್ಕುನೂರಕ್ಕೆ ಮಾರುತ್ತಿದ್ದಾರೆ ಅಂತ ಗೊತ್ತಾದರೆ ದುರ್ಗದ ಬೈಲಿನವರಿಗೆ ಮುಂದಿನ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಇಪ್ಪತ್ತಕ್ಕೆ ಕೊಂಡು ಮೂವತ್ತಕ್ಕೆ ಮಾರಿಯೇ ಅವರು ಮಕ್ಕಳನ್ನು ಓದಿಸಿದ್ದು.

ಆರು ತಿಂಗಳ ಬೀಗ ತೆಗೆದ ದಿನ ನನ್ನ ಕಕ್ಷಿದಾರರು ಆ ಷೇರು ಮಾರಿದರು. 18 ಲಕ್ಷದಲ್ಲಿ 11 ವಾಪಸು ಬಂತು. ಡಬ್ಬಿಯ ಹುಡುಗರು ಆ ಹೊತ್ತಿಗೆ ಬೆಂಗಳೂರಿಗೆ ಹೋಗಿಯಾಗಿತ್ತು, ಒಬ್ಬ ಊಟ ತಲುಪಿಸುವ ಕಂಪನಿಯಲ್ಲಿ, ಇನ್ನೊಬ್ಬ ಯಾವುದೋ ಬ್ಯಾಂಕಿನ ಸಾಫ್ಟ್‌ವೇರ್‌ನಲ್ಲಿ. ಅವರು ಪರೀಕ್ಷೆಗೆ ಅಂತ ಕೊಟ್ಟಿದ್ದ ನಾಲ್ಕು ಡಬ್ಬಿ ಬ್ಯಾಡಗಿಯ ಆ ಕೋಲ್ಡ್ ಸ್ಟೋರೇಜ್‌ನಲ್ಲಿ ಉಳಿದಿವೆ. ಎರಡು ಕೆಟ್ಟಿವೆ. ಇನ್ನೆರಡು ಈಗಲೂ ದಿನಕ್ಕೆರಡು ಸಲ ಅಂಗಡಿಯವರ ಫೋನಿಗೆ ತೇವದ ಲೆಕ್ಕ ಕಳಿಸುತ್ತವೆ. ಮೊನ್ನೆ ಬಂದಾಗ ತೋರಿಸಿದರು. "ಆ ಹುಡುಗರು ವಾಪಸ್ ಬರ್ತಾರೇನ್ರೀ ಕೇಳಿ ನೋಡ್ರಿ, ಹತ್ತು ಲಕ್ಷ ಇನ್ನೂ ಐತಿ" ಅಂದರು. ಕೇಳುತ್ತೇನೆ ಅಂದಿದ್ದೇನೆ. ಯಾವ ದಾರಿಯಲ್ಲಿ ಹಾಕುವುದು ಅಂತ ಅವರಿಗೆ ಹೇಳಲು ನಿಮ್ಮ ಉತ್ತರ ಬೇಕು.

ಇಂತಿ,
ಹುಬ್ಬಳ್ಳಿಯ ಒಬ್ಬ ಆಡಿಟರ್